ವಾಸನೆ ಹಿಡಿಯುವ ಜೆಲ್: ಹತ್ತನೇ ತರಗತಿಯಲ್ಲಿ ಒಂದು ಪಾಠಾಭ್ಯಾಸ

ಹತ್ತನೇ ತರಗತಿಯ ವಿಜ್ಞಾನ ಪಠ್ಯಪುಸ್ತಕದ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಅಧ್ಯಾಯದಲ್ಲಿ ಘ್ರಾಣ ಸೂಚಕಗಳ ಚಟುವಟಿಕೆಯೊಂದಿದೆ. ಹೆಚ್ಚಿದ ಈರುಳ್ಳಿಯ ಜೊತೆ ಬಟ್ಟೆಯ ಪಟ್ಟಿಗಳನ್ನು ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡಬೇಕು. ಮರುದಿನ ಒಂದು ಪಟ್ಟಿಗೆ ಆಮ್ಲವನ್ನೂ ಇನ್ನೊಂದಕ್ಕೆ ಪ್ರತ್ಯಾಮ್ಲವನ್ನೂ ಹನಿಸಿ ಮೂಸಿ ನೋಡಬೇಕು. ಪ್ರತ್ಯಾಮ್ಲ ಬಿದ್ದ ಪಟ್ಟಿಯಲ್ಲಿ ಈರುಳ್ಳಿ ವಾಸನೆ ಅಡಗುತ್ತದೆ, ಆಮ್ಲ ಬಿದ್ದದ್ದರಲ್ಲಿ ಉಳಿಯುತ್ತದೆ. ಬೋಧನಾಭ್ಯಾಸಕ್ಕೆಂದು ಮಾನ್ವಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಹೋದಾಗ ನನಗೆ ಸಿಕ್ಕ ಮೂರನೇ ಪಾಠ ಇದು. ಶಾಲೆಯಲ್ಲಿ ಫ್ರಿಜ್ ಇರಲಿಲ್ಲ. ರಾಯಚೂರಿನ ನನ್ನ ಕೋಣೆಯ ಮಾಲಕಿಯ ಫ್ರಿಜ್ಜಿನಲ್ಲಿಟ್ಟು, ಬೆಳಗಿನ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಒಯ್ದೆ. ಪಕ್ಕದ ಸೀಟಿನವರು ಒಂದು ಸ್ಟಾಪ್ ಆದ ಮೇಲೆ ಎದ್ದು ಹಿಂದಕ್ಕೆ ಹೋದರು.

ಪಾಠ ಚೆನ್ನಾಗಿಯೇ ನಡೆಯಿತು. 41 ಮಕ್ಕಳು ಸಾಲಾಗಿ ಬಂದು ಮೂಸಿದರು, ನೋಟ್‌ಬುಕ್ಕಿನಲ್ಲಿ ಬರೆದರು. ಪುಸ್ತಕಗಳನ್ನು ತಿದ್ದುವಾಗ ಒಬ್ಬ ವಿದ್ಯಾರ್ಥಿನಿಯ ಉತ್ತರ ಪಕ್ಕದವಳ ಉತ್ತರದ ಅಕ್ಷರಶಃ ನಕಲು ಎಂದು ಕಂಡಿತು. ಪಕ್ಕದವಳು ಮಾಡಿದ ಕಾಗುಣಿತದ ತಪ್ಪೂ ಹಾಗೇ ಬಂದಿತ್ತು. ಕರೆದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮೇಡಂ, ನನಗ ಯಾವ ವಾಸನಿನೂ ಗೊತ್ತಾಗಂಗಿಲ್ಲರೀ. ಸಣ್ಣಾಕಿ ಇದ್ದಾಗಿಂದ."

ನನ್ನ ಪಾಠಯೋಜನೆಯಲ್ಲಿ ವೈಯಕ್ತಿಕ ಭಿನ್ನತೆ ಎಂಬ ಶೀರ್ಷಿಕೆ ಇತ್ತು. ಅದರ ಕೆಳಗೆ ನಿಧಾನ ಕಲಿಕೆಯವರಿಗೆ ಹೆಚ್ಚಿನ ಉದಾಹರಣೆ ಎಂದು ಬರೆದಿದ್ದೆ. ಪ್ರತಿ ಪಾಠದಲ್ಲೂ ಅದನ್ನೇ ಬರೆಯುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಬಣ್ಣಗುರುಡು ಇರುವ ಮಗುವಿಗೆ ಲಿಟ್ಮಸ್ ಪರೀಕ್ಷೆ ಕಷ್ಟವಾದೀತು ಎಂಬ ಮಾತನ್ನು ಕಾಲೇಜಿನಲ್ಲಿ ಕೇಳಿದ್ದೆವು. ವಾಸನೆ ಬಾರದ ಮಗುವನ್ನು ನಾನು ಎಣಿಸಿಯೇ ಇರಲಿಲ್ಲ. ಮೂಗನ್ನು ಸೂಚಕವಾಗಿ ಬಳಸುವ ಚಟುವಟಿಕೆಯನ್ನು ತಿರುಗಿಸಿ, ಸೂಚಕವನ್ನೇ ಮೂಗಾಗಿ ಬಳಸಬಹುದೇ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಬಿ.ಎಸ್ಸಿ.ಯಲ್ಲಿದ್ದಾಗ ವಿದ್ಯುನ್ಮಾನ ಮೂಗಿನ ಮೇಲೆ ಒಂದು ಸೆಮಿನಾರ್ ಕೊಟ್ಟಿದ್ದೆ. ಆ ಹಳೆಯ ಟಿಪ್ಪಣಿಗಳನ್ನು ಹುಡುಕಿ ತೆಗೆದೆ.

ವಿದ್ಯುನ್ಮಾನ ಮೂಗು ಎಂದರೆ

ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಗುರುತಿಸಬಲ್ಲ ವಾಸನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಒಂದು ವಾಸನೆಗೆ ಒಂದು ಗ್ರಾಹಕ ಎಂಬ ಲೆಕ್ಕ ಅಲ್ಲಿಲ್ಲ. ಒಂದು ಅಣು ಹಲವು ಗ್ರಾಹಕಗಳನ್ನು ಹೆಚ್ಚು ಕಡಿಮೆ ಮಟ್ಟದಲ್ಲಿ ತಟ್ಟುತ್ತದೆ, ಮೆದುಳು ಆ ಒಟ್ಟು ವಿನ್ಯಾಸವನ್ನು ಓದುತ್ತದೆ. ಈ ಗ್ರಾಹಕಗಳ ಜೀನ್ ಕುಟುಂಬವನ್ನು 1991ರಲ್ಲಿ ತೋರಿಸಿಕೊಟ್ಟ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಅದಕ್ಕೂ ಮೊದಲೇ, 1982ರಲ್ಲಿ, ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸೌದ್ ಮತ್ತು ಜಾರ್ಜ್ ಡಾಡ್ ಕೆಲವೇ ಅರೆವಾಹಕ ಸಂವೇದಕಗಳನ್ನು ಒಟ್ಟಿಗೆ ಇಟ್ಟು ಹಲವು ವಾಸನೆಗಳನ್ನು ಬೇರ್ಪಡಿಸಬಹುದೆಂದು ತೋರಿಸಿದ್ದರು. ಒಂದೊಂದು ಸಂವೇದಕ ಬಿಡಿಯಾಗಿ ದಡ್ಡ, ಮೂರು ನಾಲ್ಕು ಸೇರಿದರೆ ಜಾಣ. ಇದು ಮಕ್ಕಳಿಗೆ ಹೇಳಲು ಅನುಕೂಲವಾದ ಮಾತು, ಏಕೆಂದರೆ ಇದನ್ನು ತರಗತಿಯಲ್ಲಿ ಮಾಡಿಯೇ ತೋರಿಸಬಹುದು.

ಸಂವೇದಕದ ಸ್ಥಾನದಲ್ಲಿ ನಾನು ಜೆಲ್ ಇಟ್ಟುಕೊಂಡೆ. ಒಂಬತ್ತನೇ ತರಗತಿಯ ಕಲಿಲಗಳ ಪಟ್ಟಿಯಲ್ಲಿ ಜೆಲ್ ಎಂದರೆ ಘನದಲ್ಲಿ ದ್ರವ ಹರಡಿದ್ದು ಎಂದಿದೆ, ಉದಾಹರಣೆಗೆ ಜೆಲ್ಲಿ, ಚೀಸ್, ಬೆಣ್ಣೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಬಿಟ್ಟಿರುತ್ತಾರೆ. ವಾಸನೆ ಹಿಡಿಯಲು ಜೆಲ್ ಏಕೆ ಬೇಕು ಎಂದರೆ, ಗಾಳಿಯಲ್ಲಿ ಬಂದ ಅಣು ಕರಗಿ ಒಳಗೆ ಇಳಿಯಲು ದ್ರವ ಬೇಕು, ಆದರೆ ಆ ದ್ರವ ಚೆಲ್ಲದೆ ನಿಂತಲ್ಲೇ ನಿಲ್ಲಬೇಕು. ನಮ್ಮ ಮೂಗಿನೊಳಗಿನ ಲೋಳೆಯೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಈ ಮಾತಿಗೆ ತರಗತಿಯಲ್ಲಿ ದೊಡ್ಡ ನಗು ಬಂತು, ಆದರೆ ಒಬ್ಬರೂ ಮರೆಯಲಿಲ್ಲ.

ತಯಾರಿ, ಮತ್ತು ಅದರಲ್ಲಿ ಕೆಟ್ಟದ್ದು

ಮೊದಲ ಸಲ ಬೇಕರಿ ಸಾಮಾನಿನ ಅಂಗಡಿಯಿಂದ ಜೆಲಟಿನ್ ಪುಡಿ ತಂದೆ. ರಾತ್ರಿ ಫ್ರಿಜ್ಜಿನಲ್ಲಿ ಗಟ್ಟಿಯಾಯಿತು. ಆಗ ದೇವದುರ್ಗದಲ್ಲಿ ಬೋಧನಾಭ್ಯಾಸದಲ್ಲಿದ್ದ ಗೆಳತಿಯ ಶಾಲೆಯಲ್ಲಿ ಮೊದಲು ಪ್ರಯತ್ನಿಸೋಣವೆಂದು ಒಯ್ದೆ. ಮಳೆಗಾಲವಾದರೂ ಬಸ್ಸಿನೊಳಗಿನ ಸೆಕೆಗೆ ಅಲ್ಲಿ ಮುಟ್ಟುವಷ್ಟರಲ್ಲಿ ಅದು ಬಣ್ಣದ ನೀರಾಗಿತ್ತು. ಜೆಲಟಿನ್ ಜೆಲ್ ಕರಗುವುದು 30ರಿಂದ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದು ಪುಸ್ತಕದಲ್ಲಿದ್ದ ಸಂಗತಿಯೇ, ನಾನು ಓದಿಯೂ ಇದ್ದೆ. ಗೆಳತಿ ಇನ್ನೊಂದು ಮಾತು ಹೇಳಿದಳು: ಜೆಲಟಿನ್ ಪ್ರಾಣಿಮೂಲದ್ದು, ಕೆಲವು ಮನೆಯ ಮಕ್ಕಳು ಮುಟ್ಟಲು ಹಿಂಜರಿದಾರು.

ಹಾಗಾಗಿ ಚೈನಾ ಗ್ರಾಸ್‌ಗೆ ಬಂದೆ. ಇದು ಅಗರ್, ಸಮುದ್ರದ ಪಾಚಿಯಿಂದ ತೆಗೆಯುವುದು. ಕಿರಾಣಿ ಅಂಗಡಿಯಲ್ಲಿ ಎಳೆಗಳ ರೂಪದಲ್ಲಿ ಸಿಗುತ್ತದೆ. ಕುದಿಸಿ ಕರಗಿಸಿದ ಮೇಲೆ ಸುಮಾರು 35ರಿಂದ 40 ಡಿಗ್ರಿಗೆ ತಾನೇ ಗಟ್ಟಿಯಾಗುತ್ತದೆ, ಆದರೆ ಮತ್ತೆ ಕರಗಬೇಕಾದರೆ 85 ಡಿಗ್ರಿ ಬೇಕು. ಫ್ರಿಜ್ ಬೇಡ, ರಾಯಚೂರಿನ ಬಿಸಿಲಿಗೂ ಜಗ್ಗುವುದಿಲ್ಲ. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಸಾಕು. ತೂಕದ ಯಂತ್ರ ಇಲ್ಲದಿದ್ದರೆ 10 ಗ್ರಾಂ ಪ್ಯಾಕೆಟ್ಟನ್ನು ಐದು ಪಾಲು ಮಾಡಿ.

ಬಣ್ಣಕ್ಕೆ ಮೂರು: ಅರಿಷಿಣ, ದಾಸವಾಳದ ದಳ, ಶಂಖಪುಷ್ಪ. ಇಲ್ಲೂ ಒಂದು ಪೆಟ್ಟು ತಿಂದೆ. ದಾಸವಾಳದ ಜೆಲ್ ಮಾಡಿದ ಕೂಡಲೇ, ಯಾವ ವಾಸನೆಯನ್ನೂ ತೋರಿಸುವ ಮೊದಲೇ, ಹಸಿರಿಗೆ ತಿರುಗಿತು. ಕಾರಣ ಬೋರ್‌ವೆಲ್ ನೀರು. ಅದರಲ್ಲಿ ಬೈಕಾರ್ಬನೇಟ್ ಇರುತ್ತದೆ, ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ನೀರು ಇನ್ನಷ್ಟು ಪ್ರತ್ಯಾಮ್ಲೀಯವಾಗುತ್ತದೆ. ಕ್ಯಾನ್ ನೀರು ತಂದು ಮತ್ತೆ ಮಾಡಿದೆ. ಈ ತಪ್ಪನ್ನು ಬಿಸಾಡಬೇಡಿ ಎಂದು ಪ್ರಶಿಕ್ಷಣಾರ್ಥಿ ಮಿತ್ರರಿಗೆ ಹೇಳುತ್ತೇನೆ. ಶಾಲೆಯ ಬೋರ್‌ವೆಲ್ ನೀರಿನದೊಂದು, ಕ್ಯಾನ್ ನೀರಿನದೊಂದು ಜೆಲ್ ಮಾಡಿ ಪಕ್ಕಪಕ್ಕದಲ್ಲಿಟ್ಟರೆ ಅದೇ ಒಂದು ಪೂರ್ತಿ ಪಾಠ.

ಅಗರ್ ಕುದಿಸಿ ಇಳಿಸಿ, ಕೈಗೆ ತಡೆಯುವಷ್ಟು ಆರಿದ ಮೇಲೆ ಹೂವಿನ ಸಾರ ಬೆರೆಸಬೇಕು, ಇಲ್ಲವಾದರೆ ಬಣ್ಣ ಮಂಕಾಗುತ್ತದೆ. ಹೆಚ್ಚು ಆರಿಸಿದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಒಂದು ಚಮಚ ಗ್ಲಿಸರಿನ್ ಸೇರಿಸಿದೆ, ಅದಿಲ್ಲದೆ ಮರುದಿನಕ್ಕೆ ಜೆಲ್ ಒಣಗಿ ಹಪ್ಪಳವಾಗುತ್ತಿತ್ತು. ಅಚ್ಚಿಗೆ ಖಾಲಿಯಾದ ಮಾತ್ರೆಗಳ ಪಟ್ಟಿ ಬಳಸಿದೆ, ಹತ್ತು ಕುಳಿಗಳಿರುವಂಥದ್ದು. ಚೆನ್ನಾಗಿ ತೊಳೆದು, ಹರಿದ ಹಾಳೆಯ ಚೂರುಗಳನ್ನು ಪೂರ್ತಿ ಕಿತ್ತು, ಕುಳಿಗಳಲ್ಲಿ ಮೂರು ಬಣ್ಣಗಳನ್ನು ತೆಳುವಾಗಿ ಹುಯ್ದೆ. ತೆಳುವಾಗಿ ಎಂಬುದು ಮುಖ್ಯ. ಅನಿಲ ಜೆಲ್‌ನೊಳಗೆ ವಿಸರಣೆಯಿಂದ ಇಳಿಯುತ್ತದೆ, ದಪ್ಪ ಎರಡು ಪಟ್ಟಾದರೆ ತಳ ಮುಟ್ಟಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಸಮಯ ಬೇಕು. ಒಂದು ಲೋಟದಲ್ಲಿ ದಪ್ಪನೆಯ ಜೆಲ್ ಕೂಡ ಮಾಡಿಟ್ಟಿದ್ದೆ. ಬಣ್ಣದ ಗೆರೆ ಮೇಲಿಂದ ಕೆಳಗೆ ನಿಧಾನವಾಗಿ ಜಾರುವುದನ್ನು ಮಕ್ಕಳು ಬಿಡುವಿನ ವೇಳೆಯಲ್ಲೂ ಬಂದು ನೋಡಿದರು.

ತರಗತಿಯಲ್ಲಿ

ಮಾನ್ವಿಯ ಶಾಲೆಯಲ್ಲಿ ಐದು ಗುಂಪು, ಗುಂಪಿಗೆ ಒಂದು ಪಟ್ಟಿ, ಮೇಲೆ ಬೋರಲು ಹಾಕಲು ಒಂದು ಪಾರದರ್ಶಕ ಡಬ್ಬಿ. ಮಾದರಿಗಳನ್ನು ಬಾಟಲಿ ಮುಚ್ಚಳದಲ್ಲಿಟ್ಟು ಜೆಲ್‌ನ ಪಕ್ಕದಲ್ಲಿಡಬೇಕು, ಜೆಲ್‌ಗೆ ತಾಕಬಾರದು. ವಿನೆಗರ್, ಹುಣಸೆ ರಸ, ಕರ್ಪೂರ, ಮತ್ತು ನವಸಾಗರ–ಸುಣ್ಣ. ಕಲಾಯಿ ಹಾಕುವವರು ಬಳಸುವ ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಅದರ ಚಿಟಿಕೆಗೆ ಎಲೆ ಅಡಿಕೆಯ ಸುಣ್ಣ ತಾಗಿಸಿದರೆ ಅಮೋನಿಯಾ ಹೊರಡುತ್ತದೆ. ಚಿಟಿಕೆ ಎಂದರೆ ಚಿಟಿಕೆಯೇ, ಕಿಟಕಿ ತೆರೆದಿರಬೇಕು, ಈ ಮಾದರಿಯನ್ನು ಶಿಕ್ಷಕರೇ ತಯಾರಿಸಬೇಕು.

ಅಮೋನಿಯಾ ಡಬ್ಬಿಯೊಳಗೆ ಎರಡು ಮೂರು ನಿಮಿಷದಲ್ಲಿ ಅರಿಷಿಣ ಕೆಂಪಾಯಿತು, ದಾಸವಾಳವೂ ಶಂಖಪುಷ್ಪವೂ ಹಸಿರಿಗೆ ತಿರುಗಿದವು. ವಿನೆಗರ್‌ಗೆ ದಾಸವಾಳ ಗುಲಾಬಿ, ಶಂಖಪುಷ್ಪ ನೇರಳೆ, ಅರಿಷಿಣ ಕದಲಲಿಲ್ಲ. ಇಲ್ಲಿಯವರೆಗೆ ಮಕ್ಕಳು ನಿರೀಕ್ಷಿಸಿದ್ದೇ ಆಯಿತು. ಅರಿಷಿಣ ಒಂದೇ ಇದ್ದಿದ್ದರೆ ವಿನೆಗರ್ ಬಂದದ್ದೇ ತಿಳಿಯುತ್ತಿರಲಿಲ್ಲ, ಮೂರನ್ನೂ ಒಟ್ಟಿಗೆ ಓದಬೇಕು ಎಂಬುದು ಅವರ ಬಾಯಿಂದಲೇ ಬಂತು.

ಪಾಠ ನಿಜವಾಗಿ ಶುರುವಾದದ್ದು ಹುಣಸೆಯಿಂದ. ಹುಣಸೆ ಹುಳಿ, ಹುಳಿ ಎಂದರೆ ಆಮ್ಲ, ಆದ್ದರಿಂದ ದಾಸವಾಳ ಗುಲಾಬಿ ಆಗಲೇಬೇಕು ಎಂದು ಎಲ್ಲ ಗುಂಪುಗಳೂ ಮೊದಲೇ ಬರೆದುಕೊಂಡಿದ್ದವು. ಹತ್ತು ನಿಮಿಷ ಕಾದರೂ ಏನೂ ಆಗಲಿಲ್ಲ. ಒಂದು ಗುಂಪು ಡಬ್ಬಿ ಸರಿಯಾಗಿ ಮುಚ್ಚಿಲ್ಲವೆಂದು ಜಗಳ ತೆಗೆಯಿತು. ಇನ್ನೊಂದು ಗುಂಪು ನನ್ನ ಕಣ್ಣು ತಪ್ಪಿಸಿ ಹುಣಸೆ ರಸವನ್ನು ಜೆಲ್‌ಗೇ ಒಂದು ಹನಿ ಹಾಕಿತು. ತಕ್ಷಣ ಗುಲಾಬಿ! ಬೈಯಲು ಹೋದವಳು ಸುಮ್ಮನಾದೆ, ಏಕೆಂದರೆ ನಾನು ಯೋಜಿಸದ ನಿಯಂತ್ರಿತ ಪ್ರಯೋಗ ಅದಾಗಿತ್ತು. ರಸದಲ್ಲಿ ಆಮ್ಲ ಇದೆ, ಆದರೆ ಅದು ಗಾಳಿಗೆ ಏರುತ್ತಿಲ್ಲ. ವಿನೆಗರಿನ ಅಸಿಟಿಕ್ ಆಮ್ಲ ಬಾಷ್ಪಶೀಲ, ಹುಣಸೆಯ ಟಾರ್ಟಾರಿಕ್ ಆಮ್ಲ ಅಲ್ಲ. ಬಾಷ್ಪಶೀಲ ಎಂಬ ಪದವನ್ನು ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಆ ಹನಿ ಬಿದ್ದ ಮೇಲೆ. ಮೊದಲೇ ಬರೆದಿದ್ದರೆ ಅದು ಇನ್ನೊಂದು ವ್ಯಾಖ್ಯೆಯಾಗಿ ಉಳಿಯುತ್ತಿತ್ತು.

ಕರ್ಪೂರ ಇದರ ತಿರುವುಮುರುವು. ಕೋಣೆ ತುಂಬ ವಾಸನೆ, ಜೆಲ್‌ಗಳಲ್ಲಿ ಏನೂ ಇಲ್ಲ. ಅದು ಗಾಳಿಗೆ ಏರುತ್ತದೆ, ಆದರೆ ಆಮ್ಲವೂ ಅಲ್ಲ ಪ್ರತ್ಯಾಮ್ಲವೂ ಅಲ್ಲ. ನಮ್ಮ ಜೆಲ್ ಮೂಗಿಗೆ ಕರ್ಪೂರದ ಮಟ್ಟಿಗೆ ನೆಗಡಿ ಎಂದ ಒಬ್ಬ ಹುಡುಗ.

ಡಬ್ಬಿ ತೆಗೆದಿಟ್ಟ ಮೇಲೆ ಅರಿಷಿಣದ ಕೆಂಪು ನಿಧಾನವಾಗಿ ಹಳದಿಗೆ ಮರಳಿತು, ಅಮೋನಿಯಾ ಹೊರಟುಹೋದ ಹಾಗೆ. ಅದನ್ನು ಮೊದಲು ಗಮನಿಸಿದವಳು ವಾಸನೆ ಬಾರದ ಆ ಹುಡುಗಿ. ಮರಳಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಬರೆದುಕೊಂಡವಳೂ ಅವಳೊಬ್ಬಳೇ. ಸಂವೇದಕ ತಯಾರಿಸುವವರು ಇದನ್ನು ಚೇತರಿಕೆಯ ಕಾಲ ಎನ್ನುತ್ತಾರೆ, ಒಂದು ಸಲ ಬಣ್ಣ ಬದಲಿಸಿ ಅಲ್ಲೇ ನಿಂತುಬಿಡುವ ಸಂವೇದಕವನ್ನು ಮತ್ತೆ ಬಳಸಲಾಗದು.

ಮೌಲ್ಯಮಾಪನಕ್ಕೆ ಗುಟ್ಟಿನ ಮಾದರಿಯೊಂದನ್ನು ಕೊಟ್ಟೆ: ದನದ ಕೊಟ್ಟಿಗೆಯ ಗಂಜಲ ಹೀರಿದ ಮಣ್ಣು, ಮುಚ್ಚಿದ ತೂತಿನ ಡಬ್ಬಿಯಲ್ಲಿ. ಬದಲಾವಣೆ ಮಂದವಾಗಿತ್ತು, ಆದರೂ ಐದರಲ್ಲಿ ನಾಲ್ಕು ಗುಂಪು ಅಮೋನಿಯಾ ಎಂದವು. ಐದನೆಯ ಗುಂಪಿನ ಜೆಲ್ ಒಣಗಿತ್ತು.

ಪ್ರಯೋಗಾಲಯದ ಜೆಲ್‌ಗಳು

ಕರ್ಪೂರದಂಥ ತಟಸ್ಥ ಅಣುಗಳನ್ನು ಹಿಡಿಯುವ ಜೆಲ್ ಇಲ್ಲವೇ? ಇದೆ. ಪೋರ್ಚುಗಲ್‌ನ ನೋವಾ ವಿಶ್ವವಿದ್ಯಾಲಯದಲ್ಲಿ ಸಿಸಿಲಿಯಾ ರೋಕ್ ಅವರ ತಂಡ ಇಂಥದ್ದನ್ನು ಮಾಡಿ 2017ರಲ್ಲಿ ಪ್ರಕಟಿಸಿತು. ಅವರ ಜೆಲ್‌ನ ಚೌಕಟ್ಟು ಜೆಲಟಿನ್, ಅಂದರೆ ನನ್ನ ಬಸ್ಸಿನಲ್ಲಿ ಕರಗಿದ್ದೇ. ನೀರಿನ ಜೊತೆಗೆ ಅಯಾನಿಕ ದ್ರವ ಎಂಬುದನ್ನು ಸೇರಿಸುತ್ತಾರೆ. ಇದು ಕೊಠಡಿಯ ತಾಪದಲ್ಲೂ ದ್ರವವಾಗಿರುವ ಲವಣ, ಬಹುಮಟ್ಟಿಗೆ ಆವಿಯಾಗುವುದಿಲ್ಲ. ನನ್ನ ಗ್ಲಿಸರಿನ್ ಜೆಲ್ಲನ್ನು ಒಣಗದಂತೆ ಮಾತ್ರ ಕಾಯಿತು, ಇದು ಅದರ ಜೊತೆಗೆ ಬೇರೆ ಕೆಲಸಗಳನ್ನೂ ಮಾಡುತ್ತದೆ. ಮೂರನೆಯದು ದ್ರವ ಹರಳು, ನಮ್ಮ ಕ್ಯಾಲ್ಕುಲೇಟರ್ ಪರದೆಯ ಜಾತಿಯ ವಸ್ತು. ಅದು ಸೂಕ್ಷ್ಮ ಹನಿಗಳಾಗಿ ಜೆಲ್‌ನಲ್ಲಿ ಹರಡಿರುತ್ತದೆ. ಹನಿಯೊಳಗೆ ಅಣುಗಳು ಕವಾಯತಿನ ಸಾಲಿನಂತೆ ಜೋಡಣೆಯಾಗಿರುವುದರಿಂದ, ಅಡ್ಡಹಾಕಿದ ಎರಡು ಧ್ರುವಕಗಳ ನಡುವೆ ಇಟ್ಟರೆ ಬೆಳಕು ಹಾದುಬರುತ್ತದೆ. ಹೊರಗಿನ ಆವಿಯ ಅಣುಗಳು ಒಳಗೆ ಕರಗಿದಾಗ ಸಾಲು ಕೆಡುತ್ತದೆ, ಬೆಳಕು ಮಂಕಾಗುತ್ತದೆ. ಆವಿ ಹೋದರೆ ಸಾಲು ಮತ್ತೆ ಕೂಡುತ್ತದೆ. ಎಷ್ಟು ಬೇಗ ಕೆಡುತ್ತದೆ, ಹೇಗೆ ಮರಳುತ್ತದೆ ಎಂಬುದು ಆವಿಯಿಂದ ಆವಿಗೆ ಬೇರೆ, ಅದೇ ಗುರುತು. ಆಮ್ಲ ಪ್ರತ್ಯಾಮ್ಲದ ಹಂಗು ಇದಕ್ಕಿಲ್ಲ. ಮೀನು ಕೆಡುವುದನ್ನು ಗುರುತಿಸಲೂ ಇದನ್ನು ಪರೀಕ್ಷಿಸಿದ್ದಾರೆ. ಲೋಹದ ಆಕ್ಸೈಡ್ ಸಂವೇದಕಗಳನ್ನು ಸಾಮಾನ್ಯವಾಗಿ 200 ಡಿಗ್ರಿಗಿಂತ ಮೇಲೆ ಕಾಯಿಸಬೇಕು, ಜೆಲ್ ಇದ್ದ ತಾಪದಲ್ಲೇ ಕೆಲಸ ಮಾಡುತ್ತದೆ.

ಇದ್ದ ತಾಪ ಎಂದಾಗ ರಾಯಚೂರಿನವರು ಒಂದು ಪ್ರಶ್ನೆ ಕೇಳಲೇಬೇಕು. ಇಂಥ ಜೆಲ್‌ಗಳಲ್ಲಿ ಬಳಸುವ 5ಸಿಬಿ ಎಂಬ ದ್ರವ ಹರಳು ಸುಮಾರು 35 ಡಿಗ್ರಿಗೆ ತನ್ನ ಜೋಡಣೆ ಕಳೆದುಕೊಂಡು ಮಾಮೂಲಿ ದ್ರವವಾಗುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ಯಾವ ಆವಿಯೂ ಬರದೆ ಬಿಸಿಲೊಂದೇ ಸಾಲನ್ನು ಕೆಡಿಸಿಬಿಡುತ್ತದೆ. ಲಿಸ್ಬನ್ನಿನ ಮೂಗು ಮಾನ್ವಿಯಲ್ಲಿ ಕೆಲಸ ಮಾಡಬೇಕಾದರೆ ಬೇರೆ ದ್ರವ ಹರಳು, ಬೇರೆ ಚೌಕಟ್ಟು ಬೇಕು. ಮಕ್ಕಳ ಮುಂದೆ ಇದನ್ನು ಹೇಳಿದಾಗ ಒಬ್ಬಳು ಚೈನಾ ಗ್ರಾಸ್ ಹಾಕಲಿ ಎಂದಳು. ಚೌಕಟ್ಟಿನ ಅರ್ಧ ಸಮಸ್ಯೆಗೆ ಅದು ಸರಿಯಾದ ಉತ್ತರವೇ.

ದ್ರವ ಹರಳು ದೂರದ ವಸ್ತುವಲ್ಲ. ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗಬಲ್ಲವು ಎಂದು 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್. ಚಂದ್ರಶೇಖರ್ ಅವರು 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ದ್ರವ ಹರಳು ಸಂಶೋಧನಾ ಕೇಂದ್ರವೇ ಇಂದಿನ ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನಗಳ ಕೇಂದ್ರ. ಅಲ್ಲಿನ ಚನ್ನಬಸವೇಶ್ವರ ಯಲಮಗ್ಗದ ಅವರೂ ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಸೇರಿ ಹೈಡ್ರೋಜನ್ ಸಲ್ಫೈಡ್ ಹಿಡಿಯುವ ವಿದ್ಯುನ್ಮಾನ ಮೂಗೊಂದನ್ನು ರೂಪಿಸಿದ ಸುದ್ದಿ 2021ರಲ್ಲಿ ಬಂತು. ಇದು ಜೆಲ್ ಅಲ್ಲ, ಎರಡು ಪದರದ ಸಾವಯವ ಸಂವೇದಕ. ಮೇಲಿನ ರಂಧ್ರಮಯ ಪದರ ಅನಿಲವನ್ನು ಹಿಡಿಯುತ್ತದೆ, ಕೆಳಗಿನದು ವಿದ್ಯುತ್ತಿನ ಬದಲಾವಣೆಯಾಗಿ ತೋರಿಸುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಸುಮಾರು 25 ಭಾಗವಿದ್ದರೂ ಅದಕ್ಕೆ ಗೊತ್ತಾಗುತ್ತದೆ.

ಚರಂಡಿ, ಮ್ಯಾನ್‌ಹೋಲ್‌ಗಳ ಈ ಅನಿಲಕ್ಕೆ ಯಂತ್ರದ ಮೂಗು ಏಕೆ ಬೇಕು, ಕೊಳೆತ ಮೊಟ್ಟೆಯ ವಾಸನೆ ಯಾರಿಗೆ ತಿಳಿಯದು ಎಂದು ಮಕ್ಕಳು ಕೇಳುತ್ತಾರೆ, ಕೇಳಿದರು. ಹತ್ತು ಲಕ್ಷಕ್ಕೆ 100 ಭಾಗದ ಆಸುಪಾಸಿಗೆ ಏರಿದರೆ ಈ ಅನಿಲ ನಮ್ಮ ಘ್ರಾಣಶಕ್ತಿಯನ್ನೇ ಮಂಕು ಮಾಡುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವರು ಮೇಲೆ ಬರುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಸಾವುಗಳು ನಿಂತಿಲ್ಲ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಹೇಳಿದ: "ನಮ್ಮ ಮುತ್ಯಾ ಹಗೇವು ತೆಗೆದಾಗ ಮೊದಲ ಕಂದೀಲು ಇಳಿಸಿ ನೋಡ್ತಿದ್ನಂತ್ರೀ. ಆರಿತಂದ್ರ ಯಾರೂ ಇಳಿಯಂಗಿಲ್ಲ." ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದಕ್ಕೆ ವಾಸನೆಯೇ ಇಲ್ಲ. ಮೂಗಿನ ಮಾತನ್ನು ನಂಬಬಾರದ ಜಾಗ ಯಾವುದೆಂದು ಮುತ್ಯಾನಿಗೆ ಗೊತ್ತಿತ್ತು. ಈ ಮಾತಿಗೆ ನನ್ನ ಪಾಠಯೋಜನೆಯಲ್ಲಿ ಜಾಗ ಇರಲಿಲ್ಲ, ಐದು ನಿಮಿಷ ಕೊಟ್ಟೆ. ಅವಧಿ ಮೀರಿತು. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ 'ಸಮಯ ಪಾಲನೆ ಇಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದರು, ಅದು ನಿಜ. ಇದನ್ನು ಎರಡು ಅವಧಿಗಳಾಗಿ ಒಡೆಯಬೇಕು: ಕರ್ಪೂರದವರೆಗೆ ಒಂದು, ಉಳಿದದ್ದು ಇನ್ನೊಂದು.

ಉಳಿದ ಪ್ರಶ್ನೆ

ಪಾಠ ಮುಗಿದ ಮೇಲೆ ಆ ಹುಡುಗಿ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಗ್ಯಾಸ್ ಸೋರಿದ್ರ ಇದು ಹೇಳ್ತದೇನ್ರೀ ಮೇಡಂ?" ತಾಯಿ ಕೂಲಿಗೆ ನಸುಕಿನಲ್ಲೇ ಹೋಗುತ್ತಾಳೆ, ಬೆಳಗಿನ ಅಡುಗೆ ಇವಳದೇ. ಮನೆಯಲ್ಲಿ ಸಿಲಿಂಡರ್ ಇದೆ.

ಹೌದು ಎನ್ನಬೇಕೆಂಬ ಆಸೆ ಒಂದು ಕ್ಷಣ ಬಂತು, ಅಷ್ಟು ಚೆನ್ನಾಗಿ ನಡೆದಿತ್ತು ಪಾಠ. ಆದರೆ ಅಡುಗೆ ಅನಿಲ ಪ್ರೊಪೇನ್, ಬ್ಯೂಟೇನ್. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದ್ದು ತಿಳಿಯಲೆಂದು ಈಥೈಲ್ ಮರ್ಕಾಪ್ಟನ್ ಬೆರೆಸುತ್ತಾರೆ. ಆ ಏರ್ಪಾಡು ಮೂಗು ಇರುವವರಿಗಾಗಿ ಮಾಡಿದ್ದು. ನಮ್ಮ ಹೂವಿನ ಜೆಲ್‌ಗೆ ಇವು ಯಾವುವೂ ಕಾಣುವುದಿಲ್ಲ, ಕರ್ಪೂರ ಕಾಣದ ಹಾಗೆಯೇ. ಇಲ್ಲ ಎಂದೆ, ಏಕೆ ಇಲ್ಲ ಎಂಬುದನ್ನು ಕರ್ಪೂರದ ಪ್ರಯೋಗ ನೆನಪಿಸಿ ಹೇಳಿದೆ. ಹೇಳುವ ಮೊದಲೇ ಅವಳಿಗೆ ಅರ್ಥವಾಗಿತ್ತು ಎಂದು ತೋರುತ್ತದೆ. ಇದಕ್ಕೆಂದೇ ಬೇರೆ ಸಂವೇದಕ ಇದೆ, ಜಪಾನಿನ ನವೋಯೋಶಿ ತಗುಚಿ 1960ರ ದಶಕದಲ್ಲಿ ತವರದ ಆಕ್ಸೈಡಿನಿಂದ ಮಾಡಿದ್ದು, ಅದನ್ನು ಹಾಕಿದ ಎಚ್ಚರಿಕೆ ಗಂಟೆ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ ಎಂದೂ ಹೇಳಿದೆ.

ಮರುದಿನ ತರಗತಿ ಶಿಕ್ಷಕಿಗೆ ವಿಷಯ ತಿಳಿಸಿದೆ, ಅವರಿಗೂ ಅದುವರೆಗೆ ಗೊತ್ತಿರಲಿಲ್ಲ. ಅವರೇ ತಾಯಿಯನ್ನು ಕರೆಸಿ, ಮಗಳನ್ನು ಕಿವಿ–ಮೂಗು–ಗಂಟಲು ವೈದ್ಯರಿಗೆ ಒಮ್ಮೆ ತೋರಿಸುವಂತೆ ಹೇಳಿದರು. ಎಚ್ಚರಿಕೆ ಗಂಟೆಯನ್ನು ಶಾಲೆಯ ಶಿಕ್ಷಕರೆಲ್ಲ ಸೇರಿ ಕೊಡಿಸಿದರು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ, ಆದ್ದರಿಂದ ಗಂಟೆಯನ್ನು ಗೋಡೆಯ ಮೇಲ್ಭಾಗಕ್ಕಲ್ಲ, ನೆಲದಿಂದ ಒಂದು ಅಡಿಯೊಳಗೆ ಹಾಕಬೇಕು ಎಂದು ಕಾಗದದಲ್ಲಿ ಚಿತ್ರ ಬರೆದು ಕೊಟ್ಟೆ. ನನ್ನ ಬೋಧನಾಭ್ಯಾಸದ ಕೊನೆಯ ದಿನ ಅವಳು ಬಂದು, ಅಪ್ಪ ಅದನ್ನು ಮಾಡಿನ ಹತ್ತಿರ ಹೊಡೆದಿದ್ದನೆಂದೂ ತಾನು ಜಗಳ ಮಾಡಿ ಕೆಳಗೆ ಇಳಿಸಿದೆನೆಂದೂ ಹೇಳಿ ಹೋದಳು.